ಮೂಗಿನ ಪಾಠ

ಭಾವ ನಾಯಿಯ ಕಿವಿಯನ್ನು ಮಗುಚಿ, ಮೂಗನ್ನು ಅದರ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ನಾಯಿ ಅಲುಗಾಡಲಿಲ್ಲ. ಅದರ ಒಡೆಯನಾದ ದರ್ಜಿಯೂ ಅಲುಗಾಡಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಓಡಿಬಂದಿದ್ದ ಮನುಷ್ಯ, ತೀರ್ಪಿಗೆ ಕಾಯುವವನ ಹಾಗೆ ನಿಂತಿದ್ದ. ನಾನು ನಾಯಿಯ ಹಿಂಗಾಲು ಹಿಡಿದುಕೊಂಡಿದ್ದೆ.

"ಚಾಪೆ," ಎಂದರು ಭಾವ.

ನನ್ನ ಹಿಡಿತ ಸಡಿಲವಾಯಿತು. ಮೇಜಿನ ಈ ತುದಿಯಲ್ಲಿದ್ದ ನನ್ನ ಮೂಗಿಗೇ ದ್ರಾಕ್ಷಿಯ ವಾಸನೆ ಬಡಿಯುತ್ತಿತ್ತು. ಬುಟ್ಟಿಯ ತಳದಲ್ಲಿ ಉಳಿದು, ಒಡೆದು, ರಸ ಸೋರಿದ ದ್ರಾಕ್ಷಿ. ಬಾಗಿಲ ಬಳಿ ಕಾಯುತ್ತಿದ್ದ ಬೆಕ್ಕಿಗೂ ಗೊತ್ತಾಗುವಷ್ಟು.

ಚಾಪೆ, ದ್ರಾಕ್ಷಿ ಎಂದರೆ ಏನು ಎಂಬುದು ನಮ್ಮ ಆಸ್ಪತ್ರೆಯ ನಾಲ್ಕು ಗೋಡೆಗಳಾಚೆ ಯಾರಿಗೂ ತಿಳಿಯದು. ಒಣಗುವ ಮೊದಲೇ ಸುರುಳಿ ಸುತ್ತಿಟ್ಟ ಚಾಪೆಯ ಮುಗ್ಗಲು ವಾಸನೆ ಬಂದರೆ ಕಿವಿಯಲ್ಲಿ ಶಿಲೀಂಧ್ರ. ಕೊಳೆತ ದ್ರಾಕ್ಷಿಯ ಸಿಹಿ ಬಂದರೆ ಹಟಮಾರಿ ಬ್ಯಾಕ್ಟೀರಿಯಾ. ಒಂದರ ಔಷಧಿ ಇನ್ನೊಂದಕ್ಕೆ ತಟ್ಟುವುದಿಲ್ಲ. ತಪ್ಪಿದರೆ ನಾಯಿ ತಲೆ ಕೊಡವಿ ಕೊಡವಿ ಸುಸ್ತಾಗುತ್ತದೆ, ಆಮೇಲೆ ಕಿವಿಯೇ ಕೇಳಿಸದೆ ಹೋಗಬಹುದು. ಕೀವಿನ ಬಣ್ಣ ನೋಡಿ ಊಹಿಸೋಣವೆಂದರೆ ದರ್ಜಿ ಗೇಟಿನ ಹೊರಗೇ ಬಟ್ಟೆ ಚೂರಿನಿಂದ ಕಿವಿ ಒರೆಸಿ ಕರೆತಂದಿದ್ದ. ಡಾಕ್ಟರ ಮುಂದೆ ಗಲೀಜು ಬೇಡ ಅಂತ. ಉಳಿದಿದ್ದು ಮೂಗು ಒಂದೇ.

ನನ್ನ ಅಭ್ಯಾಸಕ್ಕೆ ಬೇಕು ಎಂದು ನೆಪ ಹೇಳಿ ಹತ್ತಿ ಸುತ್ತಿದ ಕಡ್ಡಿಯನ್ನು ಕಿವಿಯ ಆಳಕ್ಕೆ ಇಳಿಸಿ ತೆಗೆದೆ. ಗಾಜಿನ ಪಟ್ಟಿಯ ಮೇಲೆ ಉರುಳಿಸಿದೆ. ಬಣ್ಣದ ಜಾಡಿಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿ, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಡಲೆಕಾಯಿ ಆಕಾರದ ಶಿಲೀಂಧ್ರ ಒಂದೂ ಇರಲಿಲ್ಲ. ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ಬರೀ ಕಡ್ಡಿಗಳು, ಬೆಂಕಿಪೊಟ್ಟಣ ಚೆಲ್ಲಿದ ಹಾಗೆ. ಭಾವ ಬರೆದುಕೊಟ್ಟ ಔಷಧಿ ಮುಗಿದಿದೆಯೆಂದು ದರ್ಜಿಗೆ ಸುಳ್ಳು ಹೇಳಿ ಬೇರೆ ಸೀಸೆ ಕೊಟ್ಟು ಕಳಿಸಿದೆ.

ಒಳಗೆ ಬಂದಾಗ ಭಾವ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದರು. ತುಂಬ ಹೊತ್ತು ನೋಡಿದರು. ದೀಪ ಆರಿಸಿದರು.

"ಬಣ್ಣ ಚೆನ್ನಾಗಿ ಹಿಡಿದಿದೆ," ಎಂದರು. ಅಷ್ಟೇ.

ವರ್ಷದ ಮೊದಲಲ್ಲಿ ಅಕ್ಕ, ಭಾವ ಇಬ್ಬರೂ ಜ್ವರ ಬಂದು ಮಲಗಿದ್ದರು. ಇಬ್ಬರ ಮೂಗೂ ಕಟ್ಟಿತು. ಅಕ್ಕನದು ತೆರೆದುಕೊಂಡಿತು. ಭಾವನದೂ ತೆರೆದುಕೊಂಡಿತೆಂದೇ ನಾವು ತಿಳಿದಿದ್ದೆವು, ಯಾಕೆಂದರೆ ಅವರು ಹಾಗೆ ಹೇಳಿದ್ದರು. ದರ್ಜಿ ಬಂದುಹೋದ ದಿನ ಸಂಜೆ ಅಕ್ಕನಿಗೆ ಕಿವಿಯ ಕಥೆ ಹೇಳಿದಾಗ ಅವಳು ಸುಮ್ಮನೆ ತಲೆಯಾಡಿಸಿದಳು. ಮೊನ್ನೆ ಭಾವ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರಂತೆ. ಹಾಲು ಸೀದು, ಪಾತ್ರೆ ಕರಕಲಾಗಿ, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರೂ ಇವರು ಪುಟ ತಿರುಗಿಸುತ್ತಿದ್ದರಂತೆ. ಯಾವತ್ತೋ ಅವರೇ ಅವಳ ಹತ್ತಿರ ಹೇಳಿದ್ದರಂತೆ, ಕಿವಿ ಮೂಸಿ ಇದು ಇಂಥದ್ದು ಎನ್ನಲು ಆಗದ ದಿನ ಕೋಟು ಕಳಚಿ ಮೊಳೆಗೆ ಹಾಕಿ ಮನೆಗೆ ಬರುತ್ತೇನೆ ಎಂದು. ಅವರು ಹೇಳಿದ್ದನ್ನು ಮಾಡುವ ಪೈಕಿ. ಅದೇ ಅಕ್ಕನ ಹೆದರಿಕೆ. ನನ್ನದೂ ಅದೇ.

ಭಾವನ ಮೂಗು ಬರೀ ಮೂಗಾಗಿರಲಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ, ಎಲ್ಲರೂ ನಡುಮನೆಯಲ್ಲಿ ಗಂಟಲು ಸರಿಮಾಡಿಕೊಂಡು ಕೂತಿದ್ದಾಗ, ಅವರು ಎದ್ದು ಹೋಗಿ ಕಿಟಕಿಯಲ್ಲಿದ್ದ ನಮ್ಮ ಬೆಕ್ಕನ್ನು ಎತ್ತಿಕೊಂಡು ಅದರ ಕಿವಿ ಮೂಸಿದ್ದರು. ಇವನು ನೋಡೋಕೆ ಬಂದಿದ್ದು ಯಾರನ್ನ ಎಂದು ಅಜ್ಜಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಮರುದಿನ ಬೆಕ್ಕಿಗೆ ಔಷಧಿ ಬಂತು, ಆಮೇಲೆ ಅಕ್ಕನಿಗೆ ಮದುವೆ ಆಯಿತು. ಈ ಕ್ರಮವನ್ನು ಅಕ್ಕ ಇವತ್ತಿಗೂ ಕ್ಷಮಿಸಿಲ್ಲ.

ನಾನು ಪಶುವೈದ್ಯ ಕಾಲೇಜಿನಲ್ಲಿದ್ದಾಗ ರಜೆ ಬಂದರೆ ನೇರ ಅವರ ಆಸ್ಪತ್ರೆಗೆ ಹೋಗುತ್ತಿದ್ದೆ. ಆಗ ಅದು ಒಂದೇ ಕೋಣೆ. ಸುಣ್ಣ ಉದುರುವ ಗೋಡೆ, ಹಸಿರು ರೆಕ್ಸಿನ್ನಿನ ಮೇಜು, ಕಾಲು ಕುಂಟುವ ಸ್ಟೂಲು. ಮಧ್ಯಾಹ್ನ ಜನ ತೆಳುವಾದಾಗ ನನ್ನನ್ನು ಆ ಸ್ಟೂಲಿನ ಮೇಲೆ ಕೂರಿಸಿ, ಬ್ಯಾಂಡೇಜು ಬಟ್ಟೆಯಿಂದ ಕಣ್ಣು ಕಟ್ಟುತ್ತಿದ್ದರು. ಕತ್ತಲೆಯಲ್ಲಿ ಅವರ ಚಪ್ಪಲಿಯ ಸದ್ದು, ಡೆಟಾಲಿನ ಘಾಟು, ಆಮೇಲೆ ಮೂಗಿನ ಕೆಳಗೆ ಒಂದು ತಣ್ಣನೆಯ ಹತ್ತಿಯ ತುದಿ. ಮೊದಲ ದಿನ ನಾನು ಕೆಟ್ಟ ವಾಸನೆ ಎಂದೆ.

"ಕೆಟ್ಟ ವಾಸನೆ ಅನ್ನೋದು ನೆಂಟರು ಹೇಳೋ ಮಾತು," ಎಂದರು ಭಾವ. "ಡಾಕ್ಟ್ರು ಹೇಳೋದಲ್ಲ. ಯಾವ ಕೆಟ್ಟದ್ದು? ಎಲ್ಲಿ ನೋಡಿದ್ದೆ ಇದನ್ನ ಹಿಂದೆ? ನೆನಪು ಮಾಡ್ಕೋ."

ಹಾಗೆ ಹುಟ್ಟಿದ್ದು ಆ ಶಬ್ದಗಳು. ಚಾಪೆ ಅವರದು. ದ್ರಾಕ್ಷಿ ನನ್ನದು. ಕಜ್ಜಿ ಹಿಡಿದ ನಾಯಿಯ ಚರ್ಮದ ಹೊಟ್ಟಿನಿಂದ ಬರುವ ಇಲಿಯಂಥ ವಾಸನೆಗೆ 'ಬೀರು ಹಿಂದೆ' ಎಂದು ಹೆಸರಿಟ್ಟೆವು. ನಮ್ಮ ಮನೆಯ ಬೀರುವಿನ ಹಿಂದೆ ಒಮ್ಮೆ ನಿಜವಾಗಿ ಇಲಿ ಸತ್ತಿತ್ತು, ಹುಡುಕಿದವಳು ನಾನು. ಒಂದೊಂದು ರೋಗಕ್ಕೂ ನಾವು ವಾಸವಿದ್ದ ಯಾವುದೋ ಒಂದು ಮೂಲೆ ಸಿಕ್ಕಿಕೊಂಡಿತು. ಊಟಕ್ಕೆ ಕೂತಾಗಲೂ ಇದೇ ಮಾತು ನಡೆದು, ಅಕ್ಕ ಸೌಟು ಕುಕ್ಕಿ ಎದ್ದುಹೋಗುವವರೆಗೆ ನಿಲ್ಲುತ್ತಿರಲಿಲ್ಲ. ಬ್ಯಾಂಡೇಜು ಬಿಚ್ಚಿದಾಗ ಕಣ್ಣಿಗೆ ರಪ್ಪನೆ ಬೀಳುತ್ತಿದ್ದ ಬೀದಿಯ ಬಿಳಿ ಬೆಳಕು ನನಗೆ ಈಗಲೂ ಬೇಕು. ಎಷ್ಟು ಸಲ ಸುಮ್ಮಸುಮ್ಮನೆ ಕಣ್ಣು ಮುಚ್ಚಿ ತೆರೆದಿದ್ದೇನೆ, ಅದು ಬರುವುದಿಲ್ಲ.

ದರ್ಜಿಯ ನಾಯಿ ಬಂದುಹೋದ ಮೇಲೆ ನನ್ನ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ನಾಯಿ, ಬೆಕ್ಕುಗಳನ್ನು ನೋಡುವ ವೈದ್ಯರಿಗೆ ಚರ್ಮರೋಗಗಳ ಆನ್‌ಲೈನ್ ತರಬೇತಿ. ವಿಡಿಯೋ ಮಾಡಿಟ್ಟ ಪಾಠಗಳು, ವಾರಕ್ಕೊಮ್ಮೆ ನೇರ ತರಗತಿ. ನಮ್ಮಿಬ್ಬರ ಹೆಸರನ್ನೂ ಹಾಕಿಬಿಟ್ಟೆ. ಒಬ್ಬಳೇ ಕೂತರೆ ನಿದ್ದೆ ಬರುತ್ತದೆ, ಜೊತೆಗೆ ಬನ್ನಿ ಎಂದೆ.

"ಈ ವಯಸ್ಸಲ್ಲಿ ನನ್ನ ಸ್ಕೂಲಿಗೆ ಸೇರಿಸ್ತಿದೀಯಲ್ಲಮ್ಮಾ ನಾದಿನಿ. ಟಿಫಿನ್ ಡಬ್ಬಿ ಯಾರು ಕಟ್ಟಿಕೊಡ್ತಾರೆ?"

"ನಾನಂತೂ ಕಟ್ಟಲ್ಲ," ಎಂದಳು ಅಕ್ಕ.

ತರಗತಿ ಮಧ್ಯಾಹ್ನ. ಶಟರನ್ನು ಅರ್ಧ ಎಳೆದು, ರೋಗಿಗಳನ್ನು ಮಲಗಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಎರಡು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಪಾಠ ಮಾಡುತ್ತಿದ್ದಾಕೆ ನನಗಿಂತ ಚಿಕ್ಕವಳು, ಬೇರೆ ಯಾವುದೋ ಊರಿನ ಬೇರೆ ಯಾವುದೋ ಕೋಣೆಯಲ್ಲಿ. ಅವಳ ಬೆಕ್ಕು ಆಗಾಗ ಪರದೆಗೆ ಬಾಲ ಸವರಿ ಹೋಗುತ್ತಿತ್ತು. ಭಾವ ಚಿತ್ರ ನೋಡಲು ಎಷ್ಟು ಮುಂದಕ್ಕೆ ಬಾಗುತ್ತಿದ್ದರೆಂದರೆ ಕ್ಯಾಮೆರಾದಲ್ಲಿ ಅವರ ಹಣೆಯಷ್ಟೇ ಕಾಣುತ್ತಿತ್ತು. ಮೇಡಂ ಭಾವನನ್ನು 'ಹಣೆ ಸರ್' ಎಂದು ಕರೆದಳು. ಉಳಿದವರೂ ಹಾಗೇ ಕರೆದರು.

ಪರದೆಯ ತುಂಬ ಚರ್ಮ. ನಾಯಿಯ ಹೊಟ್ಟೆಯ ಮೇಲಿನ ಕೆಂಪು ಗುಳ್ಳೆಗಳು ಯಾವುದೋ ಗ್ರಹದ ನಕ್ಷೆಯಂತೆ ಹರಡಿಕೊಳ್ಳುತ್ತಿದ್ದವು. ಅಂಟು ಟೇಪನ್ನು ಪಾದದ ಸಂದಿಗೆ ಒತ್ತಿ ಕಿತ್ತು, ಅದನ್ನೇ ಬಣ್ಣ ಹಾಕಿ ನೋಡುವುದನ್ನು ಕಲಿತೆವು. ಕೆರೆತ ಹತ್ತಕ್ಕೆ ಎಷ್ಟು ಎಂದು ಒಡೆಯರನ್ನೇ ಕೇಳುವುದನ್ನು ಕಲಿತೆವು. ಭಾವ ಮನೆಗೆ ಹೋಗಿ ಅಕ್ಕನ ಸಿಟ್ಟು ಹತ್ತಕ್ಕೆ ಎಷ್ಟು ಎಂದು ಕೇಳಿ ಅದನ್ನು ಎಂಟಕ್ಕೆ ಏರಿಸಿ ಬಂದರು. ಆ ಜ್ವರದ ನಂತರ ಅವರು ಹಾಗೆ ನಗುತ್ತಿದ್ದುದನ್ನು ನಾನು ಕಂಡಿರಲಿಲ್ಲ. ಕಾರಣ ತಿಳಿಯಲು ನನಗೆ ಎರಡು ತರಗತಿ ಹಿಡಿಯಿತು. ಪರದೆಗೆ ವಾಸನೆಯಿಲ್ಲ. ಅಲ್ಲಿ ಕೂತ ಎಲ್ಲ ವೈದ್ಯರೂ ಅವರಂತೆಯೇ. ಎಲ್ಲರಿಗೂ ಇದ್ದದ್ದು ಕಣ್ಣು ಮಾತ್ರ, ಮತ್ತು ಭಾವನ ಕಣ್ಣು ಚುರುಕಾಗಿತ್ತು.

ಆದರೆ ಶಟರ್ ಮೇಲೆತ್ತಿದ ಕೂಡಲೇ ಆಟ ಬದಲಾಗುತ್ತಿತ್ತು. ಈಗ ಅವರು ಪ್ರತಿ ಕಿವಿಯಿಂದಲೂ ಹತ್ತಿಯ ಕಡ್ಡಿ ತೆಗೆದು ನನ್ನ ಕೈಗೆ ಕೊಡುತ್ತಿದ್ದರು, ಹೊಸ ಪದ್ಧತಿ ಎನ್ನುತ್ತಿದ್ದರು. ಆದರೂ ಕಿವಿ ಮಗುಚಿ ಮೂಸುವುದನ್ನು ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಜನ ಬರುತ್ತಿದ್ದದ್ದೇ ಅದಕ್ಕೆ. ಆ ಬಾಗುವಿಕೆ, ಆ ಮುಚ್ಚಿದ ಕಣ್ಣು. ಮೂಸಿ ಆದ ಮೇಲೆ ಅವರು ಹೂಂ ಎನ್ನುತ್ತಿದ್ದರು. ಆ ಹೂಂ ಒಳಗೆ ಏನೂ ಇರಲಿಲ್ಲ.

ಕಿವಿಯ ಪಾಠದ ದಿನ ಮೇಡಂ ಚಿತ್ರಗಳನ್ನೆಲ್ಲ ತೋರಿಸಿ ಮುಗಿಸಿ, ಒಂದನ್ನು ಮಾತ್ರ ನಿಮಗೆ ಇಲ್ಲಿಂದ ಕೊಡಲಾರೆ ಎಂದಳು. ವಾಸನೆ ಪೂರ್ತಿ ನಂಬುವಂಥದ್ದಲ್ಲ, ಗಾಜಿನ ಪಟ್ಟಿಯೇ ಸಾಕ್ಷಿ, ಆದರೂ ಮೊದಲ ಸುಳಿವು ಅದೇ ತಾನೇ; ಯಾರಾದರೂ ಹೇಳಿ ನೋಡೋಣ. ಒಬ್ಬರು ದುರ್ವಾಸನೆ ಎಂದರು. ಇನ್ನೊಬ್ಬರು ತೀವ್ರ ದುರ್ವಾಸನೆ ಎಂದರು. ಭಾವ ಮೈಕ್ ಒತ್ತಿದರು.

ಅವರು ಮೊದಲು ಚಾಪೆ ಹೇಳಿದರು. ಎಂಥ ಚಾಪೆಯೆಂದರೆ, ಮಕ್ಕಳು ಮಲಗಿ ಎದ್ದದ್ದು, ತೊಳೆದು ಹಾಕಿದ ಮೇಲೆ ಬಿಸಿಲು ಮೋಸ ಮಾಡಿದ್ದು, ಒಣಗಿತೆಂದು ಸುತ್ತಿ ಮೂಲೆಗೆ ನಿಲ್ಲಿಸಿ, ವಾರದ ನಂತರ ಬಿಚ್ಚಿದಾಗ ಮೊದಲ ಸುತ್ತಿನಿಂದ ಬರುವುದಲ್ಲ, ಒಳಗಿನ ಕೊನೆಯ ಸುತ್ತಿನಿಂದ ಬರುವುದು. ಆಮೇಲೆ ದ್ರಾಕ್ಷಿ. ಆಮೇಲೆ ಬೀರು ಹಿಂದೆ. ಕಾಲು ಕುಂಟುವ ಸ್ಟೂಲು ಬಂತು, ಕಣ್ಣು ಕಟ್ಟಿದ ಒಬ್ಬ ಹುಡುಗಿ ಬಂದಳು, ಅವಳು ತಪ್ಪು ಹೇಳಿದಾಗ ಮೂಗು ಕೆಂಪಾಗುತ್ತಿದ್ದದ್ದು ಬಂತು. ಅದು ನಾನು. ನನಗೇ ಗೊತ್ತಿರಲಿಲ್ಲ, ಕೆಂಪಾಗುತ್ತಿತ್ತೆಂದು. ಪರದೆಯ ಚೌಕಗಳಲ್ಲಿ ಒಬ್ಬರೂ ಅಲುಗಲಿಲ್ಲ. ಭಾವ ಹಿಂದಕ್ಕೆ ಒರಗಿ ಕೂತಿದ್ದರಿಂದ ಮೊದಲ ಬಾರಿಗೆ ಅವರ ಪೂರ್ತಿ ಮುಖ ಕಾಣುತ್ತಿತ್ತು.

ಮೇಡಂ ಆ ಕ್ಷಣವೇ ಕೇಳಿದಳು. ಮುಂದಿನ ತಂಡಕ್ಕೆ ಇದನ್ನೇ ಒಂದು ಪಾಠ ಮಾಡಿಕೊಡಿ, ನಿಮ್ಮ ಆಸ್ಪತ್ರೆಯಲ್ಲೇ ವಿಡಿಯೋ ಮಾಡೋಣ. ಒಂದೊಂದೇ ಪ್ರಾಣಿ ಬರಲಿ, ನೀವು ಮೂಸಿ ಹೇಳಿ. ಭಾವ ಯೋಚಿಸಿ ಹೇಳುತ್ತೇನೆ ಎಂದರು.

ಶಟರ್ ಎತ್ತುವ ಮೊದಲು ಅವರು ಖಾಲಿ ಪರದೆಯನ್ನೇ ನೋಡುತ್ತ ನಿಂತರು.

"ಹೇಳ್ತಾ ಇದ್ದಾಗ ಬಂತು ಕಣಮ್ಮಾ."

"ಏನು ಭಾವ?"

"ವಾಸನೆ. ಆ ಜ್ವರ ಆದಮೇಲೆ ಮೊದಲ ಸಲ. ಚಾಪೆ ಅಂದೆ ನೋಡು, ಬಂತು. ನಿಲ್ಲಿಸಿದೆ, ಹೋಯ್ತು."

ನಿಮ್ಮ ಮೂಗು ಹೋಗಿದ್ದು ನನಗೆ ಗೊತ್ತಿತ್ತು ಎಂದೆ. ನಿನಗೆ ಗೊತ್ತು ಅಂತ ನನಗೂ ಗೊತ್ತಿತ್ತು ಎಂದರು. ಕೋಟು ಕಳಚುತ್ತೀರಾ ಎಂದು ಕೇಳಲಿಲ್ಲ. ಅದರ ಬದಲು ಒಂದು ಉಪಾಯ ಹೇಳಿದೆ. ವಿಡಿಯೋ ಮಾಡುವ ದಿನ ಪ್ರಾಣಿಯನ್ನು ಹಿಡಿದುಕೊಳ್ಳುವವಳು ನಾನೇ ತಾನೇ? ಮೊದಲು ನಾನು ಮೂಸುತ್ತೇನೆ, ಮೇಜಿನ ಕೆಳಗೆ ಕಾಲಿನಿಂದ ತಟ್ಟುತ್ತೇನೆ; ಒಂದು ತಟ್ಟಿದರೆ ಚಾಪೆ, ಎರಡು ತಟ್ಟಿದರೆ ದ್ರಾಕ್ಷಿ. ಉಳಿದದ್ದೆಲ್ಲ ನಿಮ್ಮದೇ ಮಾತು, ಅದರಲ್ಲಿ ಸುಳ್ಳೇನಿದೆ? ಭಾವ ನಕ್ಕರು, ಹೋಗಿ ಶಟರ್ ಎತ್ತಿದರು.

ಆ ವಾರವೇ ನಿವೃತ್ತ ಮೇಷ್ಟ್ರೊಬ್ಬರು ಮುದಿ ಬೆಕ್ಕನ್ನು ತಂದರು. ಭಾವ ಕಿವಿ ಮಗುಚಿದರು. ಬಾಗಲಿಲ್ಲ. ಮೇಷ್ಟ್ರು ಕಾದರು. ನಾನೂ ಕಾದೆ.

"ಮೂಸಲ್ವೇನು ಡಾಕ್ಟ್ರೇ?"

"ಮೂಸೋ ಕೆಲಸ ಇನ್ಮೇಲೆ ಇವಳದು ಮೇಷ್ಟ್ರೇ. ನನ್ನ ಮೂಗು ಹೋಯ್ತು. ನಾನು ನೋಡ್ತೀನಿ." ಅದನ್ನು ಅವರು, ಕನ್ನಡಕ ಬದಲಾಯಿಸಿದೆ ಎನ್ನುವಷ್ಟು ಹಗುರಾಗಿ ಹೇಳಿ, ಕಡ್ಡಿ ತೆಗೆದುಕೊಂಡು ಮೈಕ್ರೋಸ್ಕೋಪಿನ ಕಡೆ ಹೋದರು. ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಬೆಕ್ಕನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿದರು. ನಾನು ಬಾಗಿದೆ.

ಮುಂದಿನ ತರಗತಿ ಶುರುವಾಗುವ ಮೊದಲೇ ಮೇಡಂ ವಿಷಯ ಎತ್ತಿದಳು. ಎಲ್ಲರೂ ಕೇಳುತ್ತಿದ್ದಾರೆ, ಬೋಧಕರ ಸಾಲಿನಲ್ಲಿ ನಿಮ್ಮ ಹೆಸರು ಹಾಕುತ್ತೇವೆ, ನಿಮಗೆ ಅನುಕೂಲವಾದ ದಿನ ಹೇಳಿ ಸಾಕು. ನಾನು ಮೇಜಿನ ಕೆಳಗೆ ಅವರ ಕಾಲನ್ನು ತಟ್ಟಿದೆ, ಒಪ್ಪಿಕೊಳ್ಳಿ ಎಂದು. ಆ ಮಾತುಗಳು ಎಲ್ಲಾದರೂ ಉಳಿಯಲಿ ಎಂಬ ಆಸೆ ನನಗಿತ್ತು. ಆ ಕೋಣೆ, ಆ ಬ್ಯಾಂಡೇಜು, ಎಲ್ಲ. ಆ ತಟ್ಟುವ ಆಟವೇ ಬೇಡ ಎನ್ನುವಂತೆ ಭಾವ ತಮ್ಮ ಕಾಲನ್ನು ಪಕ್ಕಕ್ಕೆ ಎಳೆದುಕೊಂಡರು. ಮೈಕ್ ಒತ್ತಿದರು.

"ಇಲ್ಲ ಮೇಡಂ. ಮಾಡಲ್ಲ."

ಸಂಕೋಚವೆಂದುಕೊಂಡಳೇನೋ, ಅವಳು ನಕ್ಕು, ಅವಸರವಿಲ್ಲ, ಇನ್ನೊಮ್ಮೆ ಯೋಚನೆ ಮಾಡಿ ಸರ್ ಎಂದಳು.

"ಯೋಚನೆ ಮಾಡೇ ಹೇಳ್ತಿರೋದು," ಎಂದರು ಭಾವ. "ನನಗೆ ಬೇಡ."