ಉಣ್ಣುವವರ ಎದುರು

ಮಳೆ ಬರಲಿ ಬಿಡಲಿ, ಬುಧವಾರ ಲೇವಿಯಾಳ ಬೆನ್ನು ನೆನೆದೇ ನೆನೆಯುತ್ತಿತ್ತು. ತೋಟ ಇದ್ದದ್ದು ಗುಡ್ಡದ ನೆತ್ತಿಯಲ್ಲಿ, ಲಾಂಚು ನಿಲ್ಲುವ ಧಕ್ಕೆ ಕೆಳಗೆ ಕಡಲ ಅಂಚಿನಲ್ಲಿ. ತೊಳೆದ ಕೆಸುವಿನ ಗೆಡ್ಡೆಗಳನ್ನು ತೆಂಗಿನ ಹಸಿಗರಿಯ ಬುಟ್ಟಿಗೆ ತುಂಬಿ, ಬೆನ್ನಿಗೆ ಬಿಗಿದುಕೊಂಡು ಇಳಿಯುವಾಗ ನೀರು ಸೋರಿ ಸೊಂಟದ ತನಕ ಹರಿಯುತ್ತಿತ್ತು. ಒಂದು ಬುಟ್ಟಿ ಇಳಿಸಿದಳೆಂದರೆ ಮತ್ತೆ ಗುಡ್ಡ ಹತ್ತಬೇಕು. ಇನ್ನೊಂದು ಗೆಡ್ಡೆಯದು, ಆಮೇಲೆ ಸೊಪ್ಪಿನದು. ಗಂಡ ಇದ್ದಾಗ ಅವನೊಂದು ಹೊರೆ, ಇವಳೊಂದು ಹೊರೆ. ಅವನು ಹೋದಮೇಲೆ ಹೊರೆ ಕಮ್ಮಿಯಾಗಲಿಲ್ಲ, ಬೆನ್ನು ಮಾತ್ರ ಒಂದಾಯಿತು.

ಲಾಂಚು ಕೌನ್ಸಿಲಿನದು. ವನುವಾಟುವಿನ ಆ ಸಣ್ಣ ದ್ವೀಪದಿಂದ ಪಟ್ಟಣವಿರುವ ದೊಡ್ಡ ದ್ವೀಪಕ್ಕೆ ಬಡವರಿಗೆ ಅದೊಂದೇ ದಾರಿ. ಬುಧವಾರ ಹೋಗುತ್ತದೆ, ಶನಿವಾರ ಬರುತ್ತದೆ. ನಡುವಿನ ದಿನಗಳಲ್ಲಿ ಹೆಂಗಸರು ಮಾರ್ಕೆಟ್ಟಿನ ಸಿಮೆಂಟು ನೆಲದ ಮೇಲೆ ಚಾಪೆ ಹಾಸಿ, ತಮ್ಮ ಬುಟ್ಟಿಗಳ ಮಧ್ಯೆಯೇ ಮಲಗಿ ಏಳುತ್ತಾರೆ. ಲೇವಿಯಾಳಿಗೆ ಆ ನೆಲ ಇಷ್ಟ. ಸತ್ತ ಮಗಳ ಮಗಳು ನೆಟ್ಟಿ ಪಟ್ಟಣದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಶುಕ್ರವಾರ ಶಾಲೆ ಬಿಟ್ಟೊಡನೆ ಓಡಿಬಂದು ಅಜ್ಜಿಯ ಪಕ್ಕ ಕೂತು, ಗಿರಾಕಿಗಳ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿ ಗೆಡ್ಡೆ ಮಾರುತ್ತಿದ್ದಳು. ಬುಟ್ಟಿ ಖಾಲಿಯಾದರೆ ಅವಳ ಫೀಸು ಹುಟ್ಟಿತು ಅಂತ ಲೆಕ್ಕ. ಬುಟ್ಟಿ ಹೋಗದಿದ್ದರೆ ಹುಡುಗಿ ದ್ವೀಪಕ್ಕೆ ವಾಪಸು ಬಂದಳು ಅಂತಲೇ.

ಲಾಂಚಿನಲ್ಲಿ ಮನುಷ್ಯರಿಗೆ ದರ ಇತ್ತು. ಬುಟ್ಟಿಗೆ ಇರಲಿಲ್ಲ. ಮಡಿಲಲ್ಲಿರುವ ಕೂಸಿಗೆ ಯಾರಾದರೂ ಟಿಕೇಟು ಕೇಳುತ್ತಾರೆಯೇ? ಬುಟ್ಟಿಯೂ ಹಾಗೇ ಅಂತ ಹಿಂದಿನಿಂದ ನಡೆದುಬಂದಿತ್ತು.

ಧಕ್ಕೆಯ ಮೂಲೆಯಲ್ಲಿ ಕಾಲ್‌ಮೇತನ ತಗಡಿನ ಶೆಡ್ಡು. ಅವನು ಇದೇ ಊರಿನವನು. ಪಟ್ಟಣ ಸೇರಿ ಅಂಗಡಿ ಇಟ್ಟ, ಸ್ವಂತ ದೋಣಿ ಮಾಡಿಕೊಂಡ, ಆಮೇಲೆ ಕೌನ್ಸಿಲಿಗೆ ಮೆಂಬರೂ ಆದ. ಲಾಂಚು ಹತ್ತಲಾರದ ಮುದುಕಿಯರ ಬುಟ್ಟಿಯನ್ನು ಧಕ್ಕೆಯಲ್ಲೇ ಕೊಂಡು ತನ್ನ ದೋಣಿಗೆ ತುಂಬಿಸುತ್ತಿದ್ದ. ಪಟ್ಟಣದಲ್ಲಿ ಸಿಗುವುದರ ಅರ್ಧವನ್ನೂ ಅವನು ಕೊಡುತ್ತಿರಲಿಲ್ಲ.

"ಏನಕ್ಕಾ, ಇನ್ನೂ ಎಷ್ಟು ಕಾಲ ಅಂತ ಹೊರ್ತೀಯ?" ಅಂತ ಆ ಬುಧವಾರ ಲೇವಿಯಾಳನ್ನು ಕೇಳಿದ. "ಇಲ್ಲೇ ಇಳಿಸಿ ಹೋಗು. ಮನೇಲಿ ಆರಾಮಾಗಿ ಕಾಲು ಚಾಚ್ಕೊಂಡು ಕೂತ್ಕೋಬಹುದು."

ಲೇವಿಯಾಳ ನಾದಿನಿ ಲೇಸೌ ಹಿಂದಿನಿಂದಲೇ ಅಂದಳು. "ನೀನು ಕೊಡೋ ರೇಟಿಗೆ ಮನೇನೂ ಮಾರ್ಕೋಬೇಕಾಗ್ತದೆ ಕಣಪ್ಪ. ಆಮೇಲೆ ಕಾಲು ಎಲ್ಲಿ ಚಾಚದು, ನಿನ್ನ ಶೆಡ್ಡಲ್ಲಾ?"

ಕಾಲ್‌ಮೇತ ನಕ್ಕ. "ಚಾಚುವಿರಂತೆ, ಇರಿ. ಬುಟ್ಟಿಗೂ ದರ ಬರ್ತದೆ. ಒಬ್ಬ ಮನುಷ್ಯನಿಗೆ ಎಷ್ಟೋ ಒಂದು ಬುಟ್ಟಿಗೂ ಅಷ್ಟೇ. ಹಂಗೇ ಏನೂ ಮಾಡಲ್ಲ, ನಿಮ್ಮೂರಿಗೇ ಬಂದು ನಿಮ್ಮನ್ನ ಕೇಳೇ ಮಾಡ್ತೀವಿ."

"ಬುಟ್ಟಿ ಮನುಷ್ಯನಾ? ಹಂಗಾದ್ರೆ ಬೆಂಚಿನ ಮೇಲೆ ಕೂರಿಸ್ತೀರಾ ಅದನ್ನ?" ಅಂದಳು ಲೇಸೌ. "ಓಟಿಗೂ ಕರ್ಕೊಂಬತ್ತೀನಿ ಬಿಡು. ನಿಂಗಂತೂ ಹಾಕಲ್ಲ ಅದು."

ಎಲ್ಲರೂ ನಕ್ಕರು. ಲೇವಿಯಾ ನಗಲಿಲ್ಲ. ಲಾಂಚಿನಲ್ಲಿ ಕೂತವಳು ತನ್ನ ಮೂರು ಬುಟ್ಟಿಗಳನ್ನೇ ನೋಡುತ್ತಿದ್ದಳು. ಮೂರು ಆಳುಗಳು ಎದುರಿಗೆ ಸುಮ್ಮನೆ ಕೂತು ತನ್ನ ದುಡ್ಡಿನಲ್ಲಿ ಪ್ರಯಾಣ ಮಾಡುತ್ತಿರುವ ಹಾಗೆ ಕಂಡಿತು. ಅವತ್ತು ಮೊದಲ್ಗೊಂಡು ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಗೆಡ್ಡೆ ಕೀಳುತ್ತಿದ್ದವಳು ಅರ್ಧಕ್ಕೆ ಬಿಟ್ಟು ಗುಡ್ಡದ ಅಂಚಿಗೆ ಬಂದು ಕಡಲು ನೋಡುವಳು, ಮತ್ತೆ ಹೋಗಿ ಕೀಳುವಳು.

ಕೌನ್ಸಿಲಿನವರು ಬರುವ ದಿನ ಗೊತ್ತಾದಾಗ ಊರ ಯಜಮಾನ ಮಾಸಿಂಗ್ ಮುದುಕ ಚಾವಡಿಯಲ್ಲಿ ಎಲ್ಲರನ್ನೂ ಸೇರಿಸಿದ.

"ಅಧ್ಯಕ್ಷರು ಟಾಬಿಯವರೇ ಬತ್ತಾರಂತೆ. ಬೇರೆ ದ್ವೀಪದವರು. ಬರಿಗೈಲಿ, ಬರಿಹೊಟ್ಟೇಲಿ ಕಳಿಸಿದ್ರೆ ನಮ್ಮ ಹೆಸರು ಏನಾಗ್ತದೆ?"

ಬೇರೆ ಯಾರ ಮನೆಯಲ್ಲೂ ಕೊಯ್ಯುವಂಥ ಹಂದಿ ಇರಲಿಲ್ಲ. ಲೇವಿಯಾಳ ಹಿತ್ತಿಲಲ್ಲಿ ಒಂದಿತ್ತು. ನೆಟ್ಟಿಯ ಮುಂದಿನ ವರ್ಷದ ಫೀಸಿಗೆ ಅಂತ ಸಾಕಿದ್ದು.

"ನಂದಿದೆ," ಅಂದಳು. ಚೆನ್ನಾಗಿ ಉಂಡವನು ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ, ಬುಟ್ಟಿಯ ದರ ನಿಂತರೆ ಹಂದಿ ಇನ್ನೊಂದು ಹುಟ್ಟುತ್ತದೆ ಅಂತ ಅವಳ ಯೋಚನೆ.

ಚಾಪೆಗಳನ್ನು ಪಕ್ಕದೂರಿಂದ ಎರವಲು ತಂದರು. ಗೆಡ್ಡೆ ತುರಿದು, ತೆಂಗಿನ ಹಾಲು ಹೊಯ್ದು, ಬಾಳೆ ಎಲೆಯಲ್ಲಿ ಕಟ್ಟಿ, ಕಾದ ಕಲ್ಲುಗಳ ಮೇಲೆ ದೊಡ್ಡ ಲಪ್‌ಲಪ್ ಬೇಯಿಸಿದರು. ಅದರ ಮೇಲೆ ಹಂದಿಯ ಮಾಂಸ ಹರಡಿದರು. ಕೌನ್ಸಿಲಿನವರು ಬಂದು ಕೂತಾಗ ಚಾವಡಿ ಮದುವೆ ಮನೆಯ ಹಾಗಿತ್ತು.

ಮೊದಲು ಊಟ, ಆಮೇಲೆ ಮಾತು ಅನ್ನಲು ಮಾಸಿಂಗ್ ಎದ್ದ. ಕಾಲ್‌ಮೇತ ಅವನ ತೋಳು ಹಿಡಿದು ಕೂರಿಸಿದ. "ಕಡಲ ನೀರು ಇಳಿದ್ರೆ ದೋಣಿ ಹೊರಡಲ್ಲ ಯಜಮಾನ್ರೇ. ಉಣ್ತಾ ಉಣ್ತಾನೇ ಮಾತಾಡಿ ಮುಗಿಸಿಬಿಡಣ. ಬಡಿಸ್ರಮ್ಮ, ಬಡಿಸಿ."

ಬಡಿಸಿದರು. ಅಧ್ಯಕ್ಷ ಟಾಬಿ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ಸವಿದು, "ಆಹಾ," ಅಂದರು. ಆಮೇಲೆ ಅಗಿಯುತ್ತಲೇ ಕೇಳಿದರು. "ನೋಡಿ, ಲಾಂಚಿಗೆ ಡೀಸೆಲ್ ದುಬಾರಿ ಆಗಿದೆ. ಬುಟ್ಟಿಗೂ ಆಳಿನ ದರ ಹಾಕೋಣ ಅಂತಿದ್ದೀವಿ. ಯಾರದಾದ್ರೂ ತಕರಾರು ಇದೆಯಾ? ಸಂಕೋಚ ಬೇಡ, ಹೇಳಿ."

ಯಾರೂ ಬಾಯಿ ಬಿಡಲಿಲ್ಲ.

ಆ ದ್ವೀಪದ ನಡಾವಳಿ ಹಾಗೆ. ಉಣ್ಣುವವನ ಎದುರು ಕಷ್ಟ ಹೇಳಿಕೊಳ್ಳಬಾರದು, ತಕರಾರು ತೆಗೆಯಬಾರದು, ಏನನ್ನೂ ಬೇಡಬಾರದು. ಹೇಳಿದರೆ ಕೊಟ್ಟ ತುತ್ತನ್ನು ಅವನ ಬಾಯಿಂದ ಕಿತ್ತುಕೊಂಡ ಹಾಗೆ. ಅತಿಥಿ ಉಂಡು ಕೈ ತೊಳೆಯಬೇಕು. ಏನಿದ್ದರೂ ಮಾತು ಆಮೇಲೆ.

ಹೆಂಗಸರು ಗೋಡೆಗೆ ಒರಗಿ ಟಾಬಿಯವರ ಕೈಯನ್ನೇ ನೋಡುತ್ತಿದ್ದರು. ಯಾವಾಗ ತೊಳೆಯುತ್ತಾರೋ ಅಂತ. ಲೇವಿಯಾ ನೀರಿನ ಚೊಂಬು ಹಿಡಿದು ತುದಿಗಾಲಲ್ಲಿ ಕಾಯುತ್ತಿದ್ದಳು. ತಟ್ಟೆ ಖಾಲಿಯಾಗುವ ಹೊತ್ತಿಗೆ ಕಾಲ್‌ಮೇತ ಕೂಗುವನು, "ಅಕ್ಕಾ, ಅಧ್ಯಕ್ಷರಿಗೆ ಇನ್ನೊಂದು ತುಂಡು." ಅವಳೇ ಹೋಗಿ ಹಾಕಬೇಕು. ಮತ್ತೆ ಖಾಲಿಯಾಗುವಾಗ, "ಹೊಟ್ಟೆ ಭಾಗದ್ದು ಹಾಕು, ಅದು ಮೆತ್ತಗಿರ್ತದೆ." ತಾನು ಸಾಕಿದ ಹಂದಿಯನ್ನು ತುಂಡು ತುಂಡಾಗಿ ತನ್ನ ಮಾತಿನ ಮೇಲೆ ತಾನೇ ಹೇರುತ್ತಿದ್ದಳು.

ಕಡೆಗೆ ದಡದಿಂದ ದೋಣಿಯ ಹಾರ್ನು ಕೇಳಿಸಿತು. ಕಾಲ್‌ಮೇತ ಎದ್ದ. "ನೀರು ಇಳೀತಾ ಇದೆ, ಏಳಿ ಅಧ್ಯಕ್ಷರೇ." ಟಾಬಿ ಇನ್ನೂ ಅಗಿಯುತ್ತ, ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ, ಎಲ್ಲರ ಕೈ ಕುಲುಕುತ್ತ ಹೊರಟರು. ಲೇವಿಯಾ ಚೊಂಬು ಹಿಡಿದುಕೊಂಡೇ ಮರಳಿನವರೆಗೂ ಹಿಂದೆ ಓಡಿದಳು. ದೋಣಿಯಿಂದ ಟಾಬಿ ಕೈ ಬೀಸಿದರು. ಅವಳು ಬೀಳ್ಕೊಡಲು ಬಂದಳು ಅಂದುಕೊಂಡಿರಬೇಕು.

ಚಾವಡಿಯ ಹಿಂದೆ ಊರ ಮಕ್ಕಳು ಲಪ್‌ಲಪ್ ಕಟ್ಟಿದ್ದ ಎಲೆಗಳನ್ನು ನೆಕ್ಕುತ್ತಿದ್ದವು.

ಕೆಲವು ದಿನ ಕಳೆದು ರೇಡಿಯೋದಲ್ಲಿ ಬಂತು. ಲೇಸೌಳ ಮನೆಯ ಜಗುಲಿಯಲ್ಲಿ ಎಲ್ಲರೂ ಕಿವಿ ಕೊಟ್ಟು ಕೂತರು. ಟಾಬಿಯವರದೇ ದನಿ.

"ನಾವು ಖುದ್ದಾಗಿ ಹೋಗಿ ಕಣ್ಣಾರೆ ಕಂಡು ಬಂದಿದ್ದೇವೆ. ಆ ದ್ವೀಪದ ಜನ ಸುಭಿಕ್ಷವಾಗಿದ್ದಾರೆ. ಹಂದಿ ಕೊಯ್ದು ಬಡಿಸುವಷ್ಟು ಅನುಕೂಲ ಅವರಿಗಿದೆ. ದರದ ಬಗ್ಗೆ ಕೇಳಿದಾಗ ಒಬ್ಬರೂ ಅಪಸ್ವರ ಎತ್ತಲಿಲ್ಲ. ಗುರುವಾರದ ಸಭೆಯಲ್ಲಿ ಹೊಸ ದರ ಖಾಯಂ ಆಗುತ್ತದೆ."

ಲೇಸೌ ರೇಡಿಯೋದ ಕಿವಿ ಹಿಂಡಿ ಬಾಯಿ ಮುಚ್ಚಿಸಿದಳು. "ಉಂಡಿದ್ದಕ್ಕೆ ಸರ್ಟಿಫಿಕೇಟು ಕೊಟ್ರು ನೋಡು. ಇನ್ನೂ ಒಂದು ಹಂದಿ ಹಾಕಿದ್ರೆ ನಿನ್ನ ಸಾಹುಕಾರ್ತಿ ಅಂತಾನೇ ಕರೀತಿದ್ರು ಅತ್ತಿಗೆ."

"ಅವರಿಗೇನು ಗೊತ್ತು," ಅಂದ ಮಾಸಿಂಗ್. "ಬೇರೆ ದ್ವೀಪದವರು."

"ಕಾಲ್‌ಮೇತನಿಗೆ?" ಅಂದಳು ಲೇವಿಯಾ.

ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಕಾಲ್‌ಮೇತ ಆಗ ಪುಟ್ಟ ಹುಡುಗ. ಅವರ ಮನೆಗೆ ಪಾದ್ರಿಗಳು ಊಟಕ್ಕೆ ಬಂದಿದ್ದರು. ಅವರು ತುತ್ತೆತ್ತಿದ ಹೊತ್ತಿಗೆ ಇವನು, "ನನಗೂ ಸ್ಲೇಟು ಕೊಡಿಸಿ ಪಾದ್ರಿಗಳೇ," ಅಂದುಬಿಟ್ಟ. ಅವನ ತಾಯಿ ಹೊರಗೆ ಎಳೆದುಕೊಂಡು ಹೋಗಿ ಬೆನ್ನಿಗೆ ಬಾರಿಸಿದ ಸದ್ದು ಇವರ ಮನೆಗೂ ಕೇಳಿಸಿತ್ತು. ದೀವಿಹಲಸಿನ ಮರದ ಕೆಳಗೆ ಬಿಕ್ಕುತ್ತಿದ್ದವನ ಕೈಗೆ ಲೇವಿಯಾಳೇ ಒಂದು ತುಂಡು ಕಬ್ಬು ಕೊಟ್ಟು ಸುಮ್ಮನಾಗಿಸಿದ್ದಳು.

"ಗೊತ್ತಿದ್ದೇ ಮಾಡ್ದ," ಅಂದಳು. "ಉಣ್ತಾ ಮಾತಾಡಣ ಅಂದೋನು ಅವನೇ. ಇನ್ನೊಂದು ತುಂಡು ಅಂದೋನೂ ಅವನೇ. ನಮ್ಮ ಬಾಯಿಗೆ ನಮ್ಮ ಕೈಲೇ ಬೀಗ ಹಾಕಿಸ್ದ. ನಾಳೆಯಿಂದ ಊರ ಬುಟ್ಟಿಯೆಲ್ಲಾ ಅವನ ಶೆಡ್ಡಲ್ಲಿ ಇಳೀತವೆ."

"ಹಂಗಂತ ಉಣ್ಣೋರ ಮುಂದೆ ಹೇಳಕ್ಕಾಗ್ತಿತ್ತಾ?" ಅಂದ ಮಾಸಿಂಗ್. ಮುದುಕನ ದನಿ ಸಣ್ಣಗಿತ್ತು.

"ಅವರು ಉಣ್ಣದೇ ಇರೋ ಜಾಗಕ್ಕೆ ಹೋಗಣ."

ಬುಧವಾರದ ಲಾಂಚಿಗೆ ಊರಿನ ಹೆಂಗಸರೆಲ್ಲ ಹತ್ತಿದರು. ಮಾಸಿಂಗ್ ಕೂಡ ಕೋಲು ಹಿಡಿದು ಬಂದ. ಎಲ್ಲರೂ ತಂತಮ್ಮ ಬುಟ್ಟಿಗಳನ್ನು ಎಂದಿನಂತೆ ಕಾಲ ಬಳಿ ಇಟ್ಟುಕೊಂಡಿದ್ದರು. ಲೇಸೌ ಮಾತ್ರ ತನ್ನ ಬುಟ್ಟಿಯನ್ನು ಬೆಂಚಿನ ಮೇಲೆ ಕೂರಿಸಿ ಅದಕ್ಕೆ ಟೋಪಿ ಇಟ್ಟಿದ್ದಳು. "ಅಭ್ಯಾಸ ಆಗ್ಲಿ," ಅಂದಳು. ಲೇವಿಯಾ ದಾರಿಯುದ್ದಕ್ಕೂ ನಿಂತೇ ಇದ್ದಳು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸುವಳು, ಅಲೆ ಹೊಡೆದೊಡನೆ ಅದು ಚದುರಿಹೋಗುವುದು.

ಗುರುವಾರ ಬೆಳಿಗ್ಗೆ ಕೌನ್ಸಿಲಿನ ಸಭಾಂಗಣದಲ್ಲಿ ಹಿಂದುಗಡೆ ಚಾಪೆ ಹಾಸಿ ಕೂತರು. ಟಾಬಿ ಕಂಡು ಮುಖ ಅರಳಿಸಿದರು. "ಓಹೋ, ನೀವಾ. ಆವತ್ತಿನ ಊಟದ ರುಚಿ ಇನ್ನೂ ನಾಲಿಗೇಲಿದೆ."

ರಸ್ತೆ, ಆಸ್ಪತ್ರೆಯ ತಗಡು, ನೀರಿನ ತೊಟ್ಟಿ, ಒಂದೊಂದೇ ವಿಷಯ ಮುಗಿಯಿತು. ಲಾಂಚಿನ ದರ ಬಂತು. ಟಾಬಿ ತಲೆ ಎತ್ತಿ, "ಕೈ ಎತ್ತೋಕೆ ಮುಂಚೆ ಆ ದ್ವೀಪದವರೇ ಬಂದಿದ್ದಾರೆ, ಏನಾದರೂ ಹೇಳೋದಿದ್ರೆ ಹೇಳಲಿ," ಅಂದರು.

ಲೇವಿಯಾ ಏಳಲು ನೆಲಕ್ಕೆ ಕೈ ಊರಿದಳು. ಅಷ್ಟರಲ್ಲಿ ಕಾಲ್‌ಮೇತ ಬಾಗಿಲ ಕಡೆಗೆ ಸನ್ನೆ ಮಾಡಿದ. ಅವನ ಅಂಗಡಿಯ ಆಳು ಊಟದ ಪೊಟ್ಟಣಗಳ ಪೆಟ್ಟಿಗೆ ಹೊತ್ತು ಒಳಗೆ ಬಂದ.

"ಇಷ್ಟು ಬೇಗ?" ಅಂದರು ಟಾಬಿ.

"ಆರಿಹೋಗ್ತದೆ ಅಧ್ಯಕ್ಷರೇ. ಬಿಸಿ ಇದ್ದಾಗಲೇ ಶುರು ಮಾಡಿ. ಅವರು ಹೇಳ್ತಾ ಇರಲಿ, ನಾವು ಉಣ್ತಾ ಇರೋಣ."

ಪೊಟ್ಟಣಗಳು ಬಿಚ್ಚಿಕೊಂಡವು. ಅನ್ನದ, ಹುರಿದ ಕೋಳಿಯ ವಾಸನೆ ಸಭಾಂಗಣದ ತುಂಬ ಹರಡಿತು. ಮೆಂಬರುಗಳು ಕೈ ಹಾಕಿದರು. ಟಾಬಿಯೂ ಒಂದು ತುತ್ತು ಕಲೆಸಿದರು. ಚಾಪೆಯ ಮೇಲಿದ್ದ ಹೆಂಗಸರ ತಲೆಗಳು ಒಂದೊಂದಾಗಿ ತಗ್ಗಿದವು. ಲೇಸೌಳಂಥ ಲೇಸೌಳ ಬಾಯಿಯೂ ಕಟ್ಟಿತು.

ಕಾಲ್‌ಮೇತ ಕೋಳಿಯ ಕಾಲು ಎತ್ತಿಕೊಂಡು, ಲೇವಿಯಾಳನ್ನೇ ನೇರವಾಗಿ ನೋಡುತ್ತ ಕಚ್ಚಿದ. ಅವಸರವಿಲ್ಲದೆ ಅಗಿಯತೊಡಗಿದ.

ಅರ್ಧ ಎದ್ದಿದ್ದ ಲೇವಿಯಾ ಅರ್ಧಕ್ಕೇ ನಿಂತಿದ್ದಳು. ಸತ್ತುಹೋದ ತಾಯಿ, ಅತ್ತೆ, ಊರಿನ ಹಿರಿಯರೆಲ್ಲ ಬೆನ್ನ ಹಿಂದೆ ಬಂದು ಕೂತ ಹಾಗಾಯಿತು. ಮಾಸಿಂಗ್ ಅವಳ ಲಂಗದ ಅಂಚು ಜಗ್ಗಿದ. "ಬೇಡ ಕಣವ್ವ. ಉಣ್ತಾ ಇದಾರೆ. ಕೂತ್ಕೋ."

ನಾಳೆ ಶುಕ್ರವಾರ. ನೆಟ್ಟಿ ಮಾರ್ಕೆಟ್ಟಿಗೆ ಓಡಿಬರುತ್ತಾಳೆ.

ಲೇವಿಯಾ ಮುದುಕನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ನೆಟ್ಟಗೆ ನಿಂತಳು.

"ಉಣ್ಣು ತಮ್ಮ," ಅಂದಳು. "ನೀನು ಉಣ್ತಾ ಇರು. ನಾನು ಹೇಳ್ತೀನಿ."

ಕಾಲ್‌ಮೇತನ ದವಡೆ ನಿಂತಿತು.

"ಅಧ್ಯಕ್ಷರೇ, ನಮ್ಮ ಕಡೆ ಉಣ್ಣೋರ ಮುಂದೆ ತಕರಾರು ಹೇಳಬಾರದು. ಹೇಳಿದೋಳು ಊರಿಗೇ ಮುಖ ತೋರ್ಸಂಗಿಲ್ಲ. ಆವತ್ತು ನೀವು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ವಲ್ಲ, ಅದು ಒಪ್ಪಿಗೆ ಅಲ್ಲ. ನೀವು ಅಗೀತಾ ಇದ್ರಿ. ಕೈ ತೊಳೀತೀರ ಅಂತ ನಾನು ಚೊಂಬು ಹಿಡ್ಕೊಂಡು ಕಾದೆ. ದೋಣಿ ತನಕ ಓಡಿ ಬಂದೆ. ಇದು ಇವನಿಗೂ ಗೊತ್ತು. ನಮ್ಮೂರಲ್ಲೇ ಏಟು ತಿಂದು ಕಲ್ತೋನು."

ಸಭಾಂಗಣದಲ್ಲಿ ಉಣ್ಣುವ ಬೆರಳುಗಳು ನಿಂತುಹೋಗಿದ್ದವು.

"ನೀವು ಉಂಡ ಹಂದಿ ನನ್ನ ಮೊಮ್ಮಗಳ ಫೀಸು. ಕೂತ ಚಾಪೆ ಪಕ್ಕದೂರಿಂದು. ಅದನ್ನ ನೋಡಿ ಸುಭಿಕ್ಷ ಅಂದ್ರಿ ರೇಡಿಯೋದಲ್ಲಿ. ನಾವು ಮರ್ಯಾದೆ ಮಾಡಿದ್ದಕ್ಕೆ ನೀವು ದರ ಕಟ್ಟಿದ್ರಿ. ಬುಟ್ಟಿ ಲಾಂಚು ಹತ್ತದಿದ್ರೆ ಎಲ್ಲಿ ಇಳೀತದೆ? ಕೇಳಿ ಇವನನ್ನ. ಧಕ್ಕೆ ಮೂಲೇಲಿ ಶೆಡ್ಡು ಯಾರದು ಅಂತ ಕೇಳಿ."

"ಅಧ್ಯಕ್ಷರೇ, ಊಟದ ಹೊತ್ತಲ್ಲಿ ಇದೆಲ್ಲಾ..." ಅಂದ ಕಾಲ್‌ಮೇತ. ಬಾಯಿ ತುಂಬಿತ್ತು, ಮಾತು ಸ್ಪಷ್ಟವಾಗಲಿಲ್ಲ.

"ನುಂಗಿ ಮಾತಾಡಪ್ಪ," ಅಂತ ಎದ್ದಳು ಲೇಸೌ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಚಾಪೆಯ ಮೇಲೆ ಮಾಸಿಂಗ್ ಒಬ್ಬನೇ ಉಳಿದ. ಅವನೂ ಕೋಲು ಊರಿದ. ಪಕ್ಕದವಳು ತೋಳು ಕೊಟ್ಟು ಎಬ್ಬಿಸಿದಳು.

ಟಾಬಿ ಕಲೆಸಿದ ತುತ್ತನ್ನು ಪೊಟ್ಟಣಕ್ಕೇ ಬಿಟ್ಟರು. ಹೊಸ ದರಕ್ಕೆ ಕೈ ಎತ್ತುವುದು ಇನ್ನೂ ಬಾಕಿ ಇತ್ತು. ಎತ್ತಬೇಕಾದ ಕೈಗಳೆಲ್ಲ ಎಂಜಲಾಗಿದ್ದವು.