ಸಾಕ್ಷಿ ಹೆಚ್ಚಾದ ಸೋಮಕ್ಕ

ಸೋಮಕ್ಕ ನಡೆದು ಬರುತ್ತಿದ್ದರೆ ಮೊದಲು ಕಾಣುತ್ತಿದ್ದುದು ಕಪ್ಪು ಕೊಡೆ. ಮಳೆಯಿರಲಿ ಬಿಸಿಲಿರಲಿ, ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಬಿಚ್ಚಿದ ಕೊಡೆ, ಬಸ್ಸು ತಪ್ಪೀತೆಂಬ ಆತುರದ ಬಿರುಸು ಹೆಜ್ಜೆ ಹಾಕುತ್ತ ಮಾದಿಹಳ್ಳಿಯ ಡೇರಿಗೆ ಬರುತ್ತಿದ್ದ ಅವಳಿಗೆ ಇನ್ನೊಂದು ಹಟವೂ ಇತ್ತು. ಏನೇ ಆದರೂ ಸುಳ್ಳು ಹೇಳುತ್ತಿರಲಿಲ್ಲ. “ಇವತ್ತಿನ ಹಾಲು ವಸಿ ತೆಳ್ಳಗೈತೆ, ನೋಡ್ಕೊಂಡು ಹಾಕ್ಕೊಳ್ಳಿ” ಎಂದು ಅಳೆಯುವವನಿಗೆ ತಾನೇ ಮೊದಲು ಹೇಳಿಬಿಡುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪೂರ್ತಿ ಹೆಸರು ಸೋಮಾವತಿ. ಹುಟ್ಟಿದ್ದು ಶ್ರೀಲಂಕಾದ ಕಡಲದಂಡೆಯ ಮಾತರ ಎಂಬಲ್ಲಿ. ಕುವೈತಿನಲ್ಲಿ ಮನೆಗೆಲಸಕ್ಕಿದ್ದಾಗ ಅಲ್ಲೇ ಡ್ರೈವರಾಗಿದ್ದ ನಮ್ಮೂರ ರಂಗನಾಥನ ಕೈಹಿಡಿದು, ತೊಂಬತ್ತರ ಯುದ್ಧದ ಗಲಾಟೆಯಲ್ಲಿ ಅವನೊಂದಿಗೆ ಮಾದಿಹಳ್ಳಿಗೆ ಬಂದವಳು, ಎರಡೇ ವರ್ಷದಲ್ಲಿ ಕನ್ನಡ ಕಲಿತು, ಮುದ್ದೆ ಕಟ್ಟುವುದರಲ್ಲಿ ಅತ್ತೆ ಕೆಂಪಲಕ್ಷ್ಮಮ್ಮನನ್ನೂ ಮೀರಿಸಿದಳು. ಆದರೆ ಕಾಗದದ ಮೇಲೆ ವಿದೇಶಿಯೇ. ವರ್ಷವರ್ಷವೂ ಹಾಸನಕ್ಕೆ ಹೋಗಿ ಇರಲು ಅನುಮತಿ ಕೇಳಬೇಕು; ಒಂದು ವರ್ಷ ಇಲ್ಲವೆಂದರೆ ಗಂಡನನ್ನೂ ಮಗಳನ್ನೂ ಬಿಟ್ಟು ಹೊರಡಬೇಕು. ಆ ಭಯ ಸಾಕಾಗಿ ತೊಂಬತ್ತೆಂಟರಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದಳು. ಹಳೇಬೀಡಿನಲ್ಲಿ ಮೇಷ್ಟರಾಗಿದ್ದ ನಾನೇ ಅದನ್ನು ತುಂಬಿಕೊಟ್ಟೆ.

ಆಮೇಲೆ ನಮ್ಮ ಜನ ಮಾಡಿದ ಎಡವಟ್ಟು ಅಷ್ಟಿಷ್ಟಲ್ಲ. ಪೊಲೀಸರು ಆ ಅರ್ಜಿಯ ವಿಚಾರಣೆಗೆ ಬಂದ ದಿನ ಸೋಮಕ್ಕ ಸಂತೆಗೆ ಹೋಗಿದ್ದಳು. ಶ್ರೀಲಂಕಾದ ಹೆಂಗಸು ಯಾರು ಎಂದು ಅವರು ಕೇಳಿದ್ದೇ ತಡ, ಹಿಡಿದುಕೊಂಡು ಹೋಗಲು ಬಂದಿದ್ದಾರೆಂದು ಊರಿಗೆ ಊರೇ ಬೆದರಿತು. ಕೆಂಪಲಕ್ಷ್ಮಮ್ಮ ಮುಂದೆ ನಿಂತು, ತನ್ನ ಸೊಸೆ ಹಾರನಹಳ್ಳಿ ದ್ಯಾವಯ್ಯನ ಮಗಳೆಂದು ಸಾಧಿಸಿದಳು. ಅವಳೂ ಸೇರಿ ಹನ್ನೊಂದು ಮಂದಿ ಹೌದೌದೆಂದು ಸಹಿ ಹಾಕಿ, ಹೆಬ್ಬೆಟ್ಟೊತ್ತಿ ಧನ್ಯರಾದರು.

ಮುಂದಿನ ತಿಂಗಳು ಜಿಲ್ಲಾ ಕಚೇರಿಯಲ್ಲಿ ಸಂದರ್ಶನ. ಜೊತೆಗೆ ಅತ್ತೆಯೂ ನಾನೂ ಹೋಗಿದ್ದೆವು. ಅಧಿಕಾರಿ ಎರಡು ಕಾಗದಗಳನ್ನು ಎದುರುಬದುರಿಟ್ಟು ಸೋಮಕ್ಕನತ್ತ ನೋಡಿದರು.

“ನೀವು ಇಲ್ಲೇ ಹುಟ್ಟಿದವರು ಅಂತ ಹನ್ನೊಂದು ಜನ ಹೇಳ್ತಾರೆ. ಅರ್ಜೀಲಿ ಶ್ರೀಲಂಕಾ ಅಂತಿದೆ. ಸುಳ್ಳು ಯಾರದ್ದಮ್ಮ?”

ಗೊತ್ತಿಲ್ಲವೆಂದುಬಿಡು ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

“ಅವರದ್ದು ಸಾರ್. ನನ್ನ ಹಿಡ್ಕೊಂಡೋಯ್ತಾರೆ ಅಂತ ಹೆದ್ರಿ ಹೇಳವ್ರೆ. ಅವರ ಮ್ಯಾಲೆ ಕೇಸು ಹಾಕೋ ಹಂಗಿದ್ರೆ ನನ್ನ ಅರ್ಜಿ ವಾಪಸ್ ಕೊಡಿ, ನಂಗೆ ಬ್ಯಾಡ.”

ಎಂಟು ವರ್ಷದ ಆಸೆಯನ್ನು ಒಂದೇ ಉಸಿರಿನಲ್ಲಿ ಮೇಜಿನ ಮೇಲಿಟ್ಟು ಅವಳು ನೆಟ್ಟಗೆ ಕೂತಿದ್ದಳು. ಅಧಿಕಾರಿ ಕನ್ನಡಕ ತೆಗೆದು, ಕೇಸೇನೂ ಬೇಡ, ಸಹಿ ಹಾಕಿದವರಲ್ಲಿ ಒಬ್ಬರಾದರೂ ನಿಜ ಹೇಳಿ ಬರೆಸಲಿ ಎಂದು ಅತ್ತೆಯತ್ತ ತಿರುಗಿದರು. ಸೊಸೆ ಈ ನೆಲದವಳಲ್ಲವೆಂದು ಮುದುಕಿ ಬಾಯಿಬಿಟ್ಟು ಹೇಳಬೇಕಾಗಿತ್ತು.

“ನನ್ ಬಾಯಲ್ಲಿ ಅದು ಬರಾಕಿಲ್ಲ ಸ್ವಾಮಿ.”

ಸೋಮಕ್ಕ ಅವಳ ಕೈ ಹಿಡಿದಳು. “ಹೇಳ್ಬಿಡಿ ಅತ್ತೆ. ನೀವು ಹೇಳುದ್ರೇನೆ ನಾನು ಇಲ್ಲಿರಕ್ಕಾಗೋದು.”

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. “ಹೊರಗಿನೋಳು ಕಣಪ್ಪ, ಸಮುದ್ರದಾಚೆಯೋಳು. ಬರ್ಕೊ. ಬರ್ಕೊಂಡು ನಮಗೇ ಕೊಟ್ಬಿಡು” ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅದನ್ನು ಬರೆದುಕೊಳ್ಳುತ್ತಿದ್ದ ಗುಮಾಸ್ತನ ಕಣ್ಣೂ ಒದ್ದೆಯಾಗಿತ್ತು.

ನಾಲ್ಕು ತಿಂಗಳಿಗೆ ಆದೇಶ ಬಂತು. ಪ್ರಮಾಣವಚನದ ದಿನ ಟೆಂಪೊ ತುಂಬ ಜನ ಹಾಸನಕ್ಕೆ ಹೋದರು. ಸೋಮಕ್ಕ ಕಾಗದ ನೋಡದೆ, ಕಾರಿಡಾರಿನ ಕೊನೆಗೂ ಕೇಳುವಂತೆ, ಒಂದಕ್ಷರ ತಪ್ಪದೆ ಕನ್ನಡದಲ್ಲಿ ಪ್ರಮಾಣ ಮಾಡಿದಳು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ನನ್ನ ಮಗಳು ಮೊದಲ ದರ್ಜೆಯಲ್ಲಿ ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಇಲ್ಲೇ ಹುಟ್ಟಿದವರಿಗೆ ನಾಡು ಪುಕ್ಕಟೆ ಸಿಗುತ್ತದೆ. ನಾವು ಅದರ ನೆಲದ ಮೇಲೆ ಕಾಲುಚಾಚಿ ಕೂತು ಅದನ್ನೇ ಬೈಯುತ್ತಿರುತ್ತೇವೆ. ಸೋಮಕ್ಕನಂಥವರು ಹಾಗಲ್ಲ. ಅವರು ಮೊದಲು ಜನರ ಮನಸ್ಸನ್ನು ಗೆಲ್ಲುತ್ತಾರೆ, ಸರ್ಕಾರ ಹಿಂದಿನಿಂದ ನಿಧಾನವಾಗಿ ಬಂದು ಅದಕ್ಕೆ ಮೊಹರು ಒತ್ತುತ್ತದೆ. ನಮ್ಮನ್ನೂ ಒಮ್ಮೆ ಅಧಿಕಾರಿಯ ಎದುರಿನ ಆ ಕುರ್ಚಿಯಲ್ಲಿ ಕೂರಿಸಿದರೆ, ಬಿಟ್ಟುಕೊಡಲಾರೆವೆಂದು ಅಳುವವರು ನಮಗೆ ಎಷ್ಟು ಮಂದಿ ಸಿಕ್ಕಾರು?