ಮಿಸ್ ಓರ್ಲೀನ್ ಓದಿಸಿದ ಸಾಲು

ಮಿಸ್ ಓರ್ಲೀನರನ್ನು ಮೊದಲ ಸಲ ಕಂಡಾಗ ನಾನು ಅವರ ಮುಂದಿದ್ದ ಕಾಫಿ ಡಬ್ಬಿಗೆ ಒಂದು ಡಾಲರ್ ಹಾಕಿ, ಜೊತೆಗೊಂದು ಕನಿಕರದ ನಗೆಯನ್ನೂ ದಾನ ಮಾಡಿ ಮುಂದೆ ನಡೆದಿದ್ದೆ. ತೀರಿಹೋದ ಗಂಡನ ರೈಲ್ವೆ ಕೋಟು ತೊಟ್ಟು, ಉದುರಿದ ಗುಂಡಿಯ ಜಾಗಕ್ಕೆ ಪಿನ್ನು ಚುಚ್ಚಿಕೊಂಡು, ಊರ ಗ್ರಂಥಾಲಯದ ಬಾಗಿಲಲ್ಲಿ ಕೂತ ಮುದುಕಿಯನ್ನು ಇನ್ನೇನೆಂದುಕೊಳ್ಳಲಿ?

"ಏ ಮಗಾ, ಬಾ ಇಲ್ಲಿ. ಅದು ಪೆನ್ಸಿಲ್ ಡಬ್ಬಿ. ತೆರಿಗೆ ಅರ್ಜಿ ತುಂಬಿಕೊಡೋಕೆ ನಾನು ಕಾಸು ಮುಟ್ಟಲ್ಲ. ಎತ್ಕೋ."

ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡುತ್ತಿರಲು, ಎತ್ತಿಕೊಂಡೆ.

ನಲವತ್ತು ವರ್ಷ ಶಾಲಾ ಬಸ್ಸು ಓಡಿಸಿದ, ಮದುವೆಯಾಗಿದ್ದರೂ ಊರಿಗೆಲ್ಲ 'ಮಿಸ್' ಆಗಿಯೇ ಉಳಿದ ಜೀವ ಅದು. ಪುಸ್ತಕದ ಕಪಾಟುಗಳ ನಡುವೆ ನಡೆಯುವಾಗಲೂ ತಿರುವು ಬಂದರೆ ಕ್ಷಣಕಾಲ ನಿಂತು, ಎಡಬಲ ನೋಡಿಯೇ ಹೆಜ್ಜೆಯಿಡುತ್ತಿದ್ದರು. ಅರ್ಜಿ ತುಂಬಿಸಿಕೊಳ್ಳಲು ಹೋದ ನಾವು ಹೇಳಬೇಕಾದದ್ದನ್ನು ಹೇಳಿ ಮುಗಿಸಿದರೂ "ಸರಿ, ಆಮೇಲೆ?" ಎನ್ನುವುದು ಅವರ ವಾಡಿಕೆ; ಅದನ್ನು ಕೇಳಿದೊಡನೆ ಏನನ್ನೋ ಬಚ್ಚಿಟ್ಟಿದ್ದೇವೆಂಬ ಗುಮಾನಿ ನಿರಪರಾಧಿಗೂ ಹುಟ್ಟುತ್ತಿತ್ತು. ಎಲ್ಲಕ್ಕಿಂತ ಮಿಗಿಲಾದ ಹಟವೆಂದರೆ, ನಾವು ಕೊಟ್ಟ ಉತ್ತರಗಳನ್ನೆಲ್ಲ ಹಳದಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಪೂರ್ಣ ವಾಕ್ಯಗಳಾಗಿ ಬರೆದು, ಹಾಳೆಯನ್ನು ನಮ್ಮತ್ತ ತಿರುಗಿಸಿ, ನಮ್ಮ ಬಾಯಿಂದಲೇ ಗಟ್ಟಿಯಾಗಿ ಓದಿಸುವುದು.

ಮರುವರ್ಷದ ಮಾರ್ಚಿನಲ್ಲಿ ನನ್ನ ಸರದಿಯೂ ಬಂತು. ಫ್ರಿಜ್ ಕಾರ್ಖಾನೆಯ ಕೆಲಸಕ್ಕೆಂದು ಹೆಂಡತಿ ಟ್ರೆಸಾಳೊಂದಿಗೆ ಇನ್ನೂರು ಮೈಲಿ ದೂರದಿಂದ ಈ ಊರಿಗೆ ಬಂದವನು ನಾನು. ಕೆಲಸಕ್ಕಾಗಿ ಮನೆ ಬದಲಿಸಿದ ಖರ್ಚನ್ನು ವರಮಾನದಿಂದ ಕಳೆಯುವ ಸೌಕರ್ಯವನ್ನು ವಾಷಿಂಗ್ಟನ್ನಿನವರು ಸೈನಿಕರ ಹೊರತು ನಮ್ಮಂಥವರಿಗೆ ನಿಲ್ಲಿಸಿದ್ದರೂ, ನಮ್ಮ ಅರ್ಕನ್ಸಾ ರಾಜ್ಯ ಇನ್ನೂ ಉಳಿಸಿಕೊಂಡಿತ್ತು. ಲಾರಿ ಬಾಡಿಗೆಯ ರಸೀದಿಗಳನ್ನು ಟ್ರೆಸಾ ಬಿಸ್ಕತ್ತಿನ ಪೊಟ್ಟಣದಲ್ಲಿ ಜೋಪಾನವಾಗಿಟ್ಟಿದ್ದಳು.

"ಈ ಖರ್ಚು ಕಳೀಬೇಕಂದ್ರೆ ಹೊಸ ಊರಲ್ಲಿ ಮೂವತ್ತೊಂಬತ್ತು ವಾರ ಪೂರಾ ಕೆಲಸ ಮಾಡಿರ್ಬೇಕು. ಮಾಡಿದ್ಯಾ?"

"ಮೂವತ್ತೊಂದು. ಆಮೇಲೆ ಟೈರ್ ಅಂಗಡೀಲಿ ವಾರಕ್ಕೆ ಮೂರು ದಿನ."

"ಕಂಪನಿಯವರಾಗೇ ತೆಗೆದಿದ್ರೆ ಪರವಾಗಿಲ್ಲ. ನೀನೇ ಬೇಕೂಂತ ತಪ್ಪು ಮಾಡಿ ಹೋಗಿದ್ರೆ ಇಲ್ಲ. ಯಾವುದು?"

ನಾನು ಬಾಯಿ ತೆರೆಯುವ ಮೊದಲೇ ಟ್ರೆಸಾ ಹೇಳಿದಳು: "ಆರ್ಡರ್ ಇಲ್ಲ ಅಂತ ಮೂವತ್ತು ಜನಾನ ತೆಗೆದುಬಿಟ್ರು, ಮಿಸ್ ಓರ್ಲೀನ್. ಪಾಪ, ಇವರ ತಪ್ಪೇನಿಲ್ಲ."

"ಸರಿ, ಆಮೇಲೆ?" ಎಂದು ನನ್ನನ್ನೇ ನೋಡಿದರು. ನಾನು ಡಬ್ಬಿಯ ಪೆನ್ಸಿಲುಗಳನ್ನು ನೋಡಿದೆ. ಅವರು ಬರೆದರು, ಹಾಳೆ ತಿರುಗಿಸಿದರು.

"ಓದು."

ಹೆಸರು ಓದಿದೆ, ಮೈಲಿ ಓದಿದೆ, ಲಾರಿ ಓದಿದೆ. "ಕೆಲಸ ಹೋದದ್ದು ನನ್ನ ತಪ್ಪಿನಿಂದ..." ಎಂಬಲ್ಲಿ ನಿಂತೆ; ಮುಂದಿದ್ದ 'ಅಲ್ಲ' ಎಂಬುದು ಬಾಯಿಗೆ ಬರಲಿಲ್ಲ. ಕೆಲಸ ಕಳೆದುಕೊಂಡ ಬಡಪಾಯಿಗೆಂದು ಚರ್ಚಿನ ಹೆಂಗಸರು ಸರದಿಯ ಮೇಲೆ ಮೂರು ವಾರ ತಂದುಕೊಟ್ಟ ಕೋಳಿ-ಅನ್ನವನ್ನು ಎರಡೆರಡು ಸಲ ಬಡಿಸಿಕೊಂಡು ತಿಂದ ಬಾಯಿ ಅದು.

"ಸರಕೆತ್ತೋ ಫೋರ್ಕ್‌ಲಿಫ್ಟ್ ಗಾಡೀಲಿ ರೇಸು ಕಟ್ಟಿದ್ವಿ," ಎಂದೆ. "ಹನ್ನೊಂದು ಫ್ರಿಜ್ ಉರುಳಿಸಿದೆ."

"ಮತ್ತೆ ಆ ಮೂವತ್ತು ಜನ?" ಟ್ರೆಸಾಳ ದನಿ ಸಣ್ಣಗಿತ್ತು.

"ಇಬ್ಬರೇ. ನಾನು, ನನ್ನ ಜೊತೆ ರೇಸಿಗಿಳಿದ ಡೆಲ್ಮರ್."

"ಮೂರು ವಾರ ಎಲ್ಲರ ಮುಂದೆ ನಿಂತು ನಿನಗೋಸ್ಕರ ಪ್ರಾರ್ಥನೆ ಮಾಡ್ಸಿದೀನಿ, ಕೋಲ್ಬಿ," ಎಂದವಳೇ ರಸೀದಿಯ ಪೊಟ್ಟಣವನ್ನು ಮೇಜಿನ ಮೇಲೆಯೇ ಬಿಟ್ಟು ಹೊರನಡೆದಳು.

ಮಿಸ್ ಓರ್ಲೀನ್ ಆ ಸಾಲನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಕೋಟಿನ ತೋಳಿನಿಂದ ಒರೆಸಿದರು. ಉಪದೇಶ ಮಾಡುವವರ ಮುಂದೆ ತಲೆತಗ್ಗಿಸಿ ಪಾರಾಗಬಹುದು, ಬೈಯುವವರ ಮೇಲೆ ತಿರುಗಿ ಸಿಟ್ಟಾಗಬಹುದು. ನಮ್ಮ ಮಾತನ್ನೇ ಬರೆದು ನಮ್ಮ ಕೈಗಿಡುವ ಈ ಜಾತಿಯ ಜನರಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಆದರೂ ನಾನು ಪ್ರಯತ್ನಿಸಿದೆ.

"ಅವಳನ್ನ ಸ್ವಲ್ಪ ಹೊರಗೆ ಕಳ್ಸಿ ನನ್ನನ್ನ ಕೇಳಬಹುದಿತ್ತಲ್ಲ, ಮಿಸ್ ಓರ್ಲೀನ್?"

"ಗಂಡ-ಹೆಂಡ್ತಿ ಜಂಟಿ ಅರ್ಜಿ ಮಗಾ. ಕೆಳಗೆ ಅವಳೂ ಸಹಿ ಹಾಕ್ಬೇಕು."